ಕ್ರೈಸ್ತ ಕಾಲೇಜಿನ ವಾತಾವರಣ ಹೇಗಿದೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವರು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅನ್ನುವ ಪ್ರೊಟೆಸ್ಟಂಟ್ ಚರ್ಚಿನ ಸಭೆಯವರು. ಮಗಳ ಪಿಯುಸಿ ಮುಗಿದಿದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಒಂದು ಕ್ರೈಸ್ತ ಕಾಲೇಜಿಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಡಬೇಕೆಂದಿದ್ದೇವೆ. ಅಲ್ಲಿ ಓದುವ ಮಕ್ಕಳಲ್ಲಿ ನಿಜವಾಗಿ ಭಕ್ತಿ ಇದೆಯಾ ಅಂತ ಸೇರಿಸುವ ಮೊದಲೇ ತಿಳಿಯೋದು ಹೇಗೆ?

ಉತ್ತರ: ಮೊದಲು, ಕಾಲೇಜಿನವರು ಕರೆದ ದಿನ ಹೋಗಬೇಡಿ. ಅವತ್ತು ಎಲ್ಲವೂ ಚೆಂದ ಇರುತ್ತದೆ. ಪಾಠ ನಡೆಯುವ ಯಾವುದೋ ಮಂಗಳವಾರ ಹೋಗಿ, ಮಗಳನ್ನೂ ಕರೆದುಕೊಂಡು.

ಹಾಜರಿ ಹಾಕದ ಹೊತ್ತಿನಲ್ಲಿ ಮಕ್ಕಳು ಏನು ಮಾಡುತ್ತಾರೆ ಅನ್ನೋದನ್ನು ನೋಡಬೇಕು. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಲ್ಲುವುದರಿಂದ ಏನೂ ಗೊತ್ತಾಗುವುದಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆ ಯಾರನ್ನೂ ಒಪ್ಪಿಗೆ ಇಲ್ಲದೆ ಆರಾಧನೆಗೆ ಕೂರಿಸುವಂತಿಲ್ಲ ಅಂತ ಸಂವಿಧಾನದ 28(3)ನೇ ವಿಧಿಯೇ ಹೇಳುತ್ತದೆ. ಇದು ನಮಗೂ ಒಳ್ಳೆಯದೇ. ಬಲವಂತ ಇಲ್ಲದ ಕಡೆ ತಾನಾಗಿ ಬಂದು ಕೂರುವ ಐದು ಮಕ್ಕಳು ತುಂಬಿದ ಸಭಾಂಗಣಕ್ಕಿಂತ ಜಾಸ್ತಿ ಹೇಳುತ್ತಾರೆ.

ಹಾಸ್ಟೆಲಿನ ನೋಟಿಸ್ ಬೋರ್ಡ್ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬಾಗಿಲ ಮೇಲೆ ಚೌಕಟ್ಟು ಹಾಕಿದ ಬೈಬಲ್ ವಚನ ಎಲ್ಲ ಕಡೆ ಇರುತ್ತದೆ. ಅದರ ಕೆಳಗೆ, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ, ‘ಬುಧವಾರ ಸಂಜೆ ಪ್ರಾರ್ಥನೆ ಕೂಟ, ಎರಡನೇ ಮಹಡಿ’ ಅಂತ ಯಾರೋ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾರಾ? ತಾರೀಕು ಈ ವಾರದ್ದಾ, ಹೋದ ವರ್ಷದ್ದಾ? ಪರೀಕ್ಷೆ ಹತ್ತಿರ ಬಂದಾಗಲೂ ಕೂಟ ನಡೆಯುತ್ತದಾ ಅಂತ ಅಲ್ಲಿನ ಹುಡುಗಿಯರನ್ನೇ ಕೇಳಿ. ವಾರ್ಡನ್ ಎದುರಿಗೆ ಕೇಳಬೇಡಿ.

ವಿದ್ಯಾರ್ಥಿ ಸಂಘಗಳನ್ನೂ ವಿಚಾರಿಸಿ. ಕ್ಯಾಥೊಲಿಕ್ ಕಾಲೇಜುಗಳಲ್ಲಿ 1924ರಲ್ಲಿ ಶುರುವಾದ ಐಕಫ್ (ಅಖಿಲ ಭಾರತ ಕ್ಯಾಥೊಲಿಕ್ ವಿದ್ಯಾರ್ಥಿಗಳ ಒಕ್ಕೂಟ) ಇರಬಹುದು. ಬೇರೆ ಕಡೆ 1912ರಲ್ಲಿ ಶುರುವಾದ ಎಸ್‌ಸಿಎಂ (ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್), ಇಲ್ಲವೇ 1954ರಲ್ಲಿ ಶುರುವಾದ ಯುಇಎಸ್‌ಐ (ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ) ಗುಂಪು ಸಿಗಬಹುದು. ಸ್ವಭಾವದಲ್ಲಿ ಇವು ಬೇರೆ ಬೇರೆ. ಐಕಫ್, ಎಸ್‌ಸಿಎಂನಲ್ಲಿ ಸಮಾಜದ ನ್ಯಾಯದ ಮಾತು ಜಾಸ್ತಿ, ಯುಇಎಸ್‌ಐನಲ್ಲಿ ಸತ್ಯವೇದದ, ಅಂದರೆ ಬೈಬಲ್ಲಿನ, ಅಧ್ಯಯನಕ್ಕೆ ಒತ್ತು. ನಿಮ್ಮ ಮಗಳಿಗೆ ಯಾವುದು ಹಿಡಿಸುತ್ತದೆ ಅನ್ನೋದು ಅವಳಿಗೇ ಗೊತ್ತು.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಕ್ರೈಸ್ತ ಕಾಲೇಜು ಅಂದಮಾತ್ರಕ್ಕೆ ಅದು ನಿಮ್ಮ ಸಭೆಯ ಕಾಲೇಜು ಆಗಿರಬೇಕಿಲ್ಲ. ಬೆಂಗಳೂರು, ಮಂಗಳೂರಿನ ದೊಡ್ಡ ಹೆಸರಿನ ಎಷ್ಟೋ ಕಾಲೇಜುಗಳು ಕ್ಯಾಥೊಲಿಕರವು. ಅಲ್ಲಿನ ಪೂಜೆಗೆ ಮಗಳು ಹೋಗಿ ಕೂರಬಹುದು, ಆದರೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸಾಮಾನ್ಯವಾಗಿ ಅವರ ಸಭೆಯವರಿಗೆ ಮಾತ್ರ. ಮೊದಲ ಸಲ ಅದು ಹುಡುಗಿಯ ಮನಸ್ಸಿಗೆ ಚುಚ್ಚುತ್ತದೆ. ಹೇಳಿಯೇ ಕಳಿಸಿ. ಭಾನುವಾರ ಬೆಳಿಗ್ಗೆ ಹೊರಗಿನ ಚರ್ಚಿಗೆ ಹೋಗಲು ಹಾಸ್ಟೆಲಿನವರು ಬಿಡುತ್ತಾರಾ, ತಡವಾಗಿ ಬಂದರೆ ತಿಂಡಿ ಎತ್ತಿಟ್ಟಿರುತ್ತಾರಾ ಅಂತ ಕೇಳಿ. ಬೆಂಗಳೂರಿನಲ್ಲಿ ಹಡ್ಸನ್ ಸ್ಮಾರಕ ಚರ್ಚ್ ಇದೆ, ಕನ್ನಡ ಆರಾಧನೆ. ಮಂಗಳೂರಿನ ಬಲ್ಮಠದಲ್ಲಿ ಶಾಂತಿ ಕೆಥೆಡ್ರಲ್ ಇದೆ, ನಿಮ್ಮೂರಿನ ಸಭೆಯ ಹಾಗೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಹಿನ್ನೆಲೆಯದೇ. ನಿಮ್ಮ ಸಭಾಪಾಲಕರಿಂದ ಅಲ್ಲಿನ ಸಭಾಪಾಲಕರಿಗೆ ಒಂದು ಪತ್ರ ಬರೆಸಿ ತೆಗೆದುಕೊಂಡು ಹೋಗಿ.

ಕಡೆಗೆ, ಸುಮ್ನೆ ಮೆಸ್ಸಿನಲ್ಲಿ ಕೂತು ಊಟ ಮಾಡಿ. ತಟ್ಟೆ ತೊಳೆಯುವ ಅಕ್ಕನನ್ನು ಮಕ್ಕಳು ಹೇಗೆ ಮಾತಾಡಿಸುತ್ತಾರೆ? ನಮ್ಮ ಕಡೆಯ ಕನ್ನಡ ಕೇಳಿ ನಗುತ್ತಾರಾ? ಜಾತಿ ಕೆದಕುತ್ತಾರಾ? ಅಂಥ ಕಡೆ ಎಷ್ಟು ಹಾಡು ಹಾಡಿದರೂ ನಾನಾದರೆ ಮಗಳನ್ನು ಬಿಡುವುದಿಲ್ಲ. ಅಲ್ಲಿ ಓದುವವರಲ್ಲಿ ಕ್ರೈಸ್ತರಲ್ಲದ ಮಕ್ಕಳೂ ಬಹಳ ಇರುತ್ತಾರೆ. ಇಲ್ಲಿ ನಿಮ್ಮನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ ಅಂತ ಅವರನ್ನೂ ಕೇಳಿ.

ಆಮೇಲೆ ಮಗಳನ್ನು ಅಲ್ಲಿನ ಹುಡುಗಿಯರ ಜೊತೆ ಒಂದು ತಾಸು ಬಿಟ್ಟು ನೀವು ಹೊರಗೆ ಬನ್ನಿ. ಅವಳ ಮುಂದೆ ಅವರು ಹೇಳುವಷ್ಟನ್ನು ನಿಮ್ಮ ಮುಂದೆ ಹೇಳುವುದಿಲ್ಲ.