ಕೊಡಗಿನ ಗುಡ್ಡ ಕುಸಿದದ್ದು ಆಗಸ್ಟ್‌ನಲ್ಲಿ, ಶುರುವಾದದ್ದು ಯಾವಾಗ?

2018ರಲ್ಲಿ ಕರ್ನಾಟಕಕ್ಕೆ ಸುದ್ದಿಯ ಬರ ಇರಲಿಲ್ಲ. ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಿತು, ನಮ್ಮ ಪಾಲಿಗೆ 14.75 ಟಿಎಂಸಿ ನೀರು ಜಾಸ್ತಿ ಸಿಕ್ಕಿತು. ಮೇ 12ಕ್ಕೆ ವಿಧಾನಸಭೆ ಚುನಾವಣೆ. ಬಿಜೆಪಿ 104ಕ್ಕೆ ನಿಂತಿತು. 17ಕ್ಕೆ ಯಡಿಯೂರಪ್ಪ ಪ್ರಮಾಣವಚನ, 19ಕ್ಕೆ ರಾಜೀನಾಮೆ, 23ಕ್ಕೆ ಕುಮಾರಸ್ವಾಮಿ. ಆ ಗಲಾಟೆಯಲ್ಲಿ ಹಂಗಾಮಿ ಸ್ಪೀಕರ್ ಆಗಿ ಕೂತವರು ವಿರಾಜಪೇಟೆಯ ಶಾಸಕ ಕೆ.ಜಿ. ಬೋಪಯ್ಯ. ಆ ನೇಮಕವೂ ಕೋರ್ಟ್ ಮೆಟ್ಟಿಲು ಹತ್ತಿತ್ತು, ಹಾಗಾಗಿ ಕೊಡಗಿನ ಹೆಸರು ದೆಹಲಿಯ ಟಿವಿಗಳಲ್ಲೂ ಓಡಿತು. ಆಗಸ್ಟ್ 16ರ ಸಂಜೆ ವಾಜಪೇಯಿ ತೀರಿಕೊಂಡರು. ಆಗಸ್ಟ್ 24ಕ್ಕೆ ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಏಷ್ಯನ್ ಗೇಮ್ಸ್‌ನ ಡಬಲ್ಸ್‌ನಲ್ಲಿ ದಿವಿಜ್ ಶರಣ್ ಜೊತೆ ಚಿನ್ನ ಗೆದ್ದರು.

ಹೆಚ್ಚುಕಡಿಮೆ ಅದೇ ವಾರ ಮಡಿಕೇರಿ, ಸೋಮವಾರಪೇಟೆ ತಾಲೂಕಿನ ಗುಡ್ಡಗಳು ಜಾರಿದವು. ಜೋಡುಪಾಲ, ಮೊಣ್ಣಂಗೇರಿ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ. ಹದಿನೈದಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಜನ ಗಂಜಿ ಕೇಂದ್ರ ಸೇರಿದರು. ಸಂಪಾಜೆ ಕಡೆಗೆ ಇಳಿಯುವ ಹೆದ್ದಾರಿ ತುಂಡಾಯಿತು. ಪಕ್ಕದ ಕೇರಳದಲ್ಲಿ ಅದೇ ಮಳೆಗೆ 400ಕ್ಕೂ ಹೆಚ್ಚು ಜನ ಹೋದರು, 1924ರ ನಂತರ ಅಷ್ಟು ದೊಡ್ಡ ನೆರೆ ಅಲ್ಲಿಯವರು ನೋಡಿರಲಿಲ್ಲ.

ವರ್ಷದ ಕೊನೆಗೆ ಪತ್ರಿಕೆಗಳು ಹಿನ್ನೋಟ ಹಾಕುತ್ತವಲ್ಲ, ಅದರಲ್ಲಿ ಇದಕ್ಕೆಲ್ಲ ಸಿಗುವುದು ಒಂದೇ ಸಾಲು: 'ಆಗಸ್ಟ್: ಭಾರೀ ಮಳೆಗೆ ಕೊಡಗಿನಲ್ಲಿ ಭೂಕುಸಿತ'. ಸಾಲು ಸುಳ್ಳೇನಲ್ಲ. ಆದರೆ ಕೊಡಗಿಗೆ ಭಾರೀ ಮಳೆ ಹೊಸದಾ? ಭಾಗಮಂಡಲದ ಕಡೆಯವರನ್ನು ಕೇಳಿದರೆ ನಕ್ಕುಬಿಡುತ್ತಾರೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳು ಬಂತೆಂದರೆ ವಾರಗಟ್ಟಲೆ ಬಿಸಿಲು ಕಾಣದೆ, ಒಲೆಯ ಮೇಲೆ ಬಟ್ಟೆ ಒಣಗಿಸಿಕೊಂಡೇ ನಮ್ಮ ಅಜ್ಜಿಯರು ಬದುಕಿದ್ದು. ಹಾಗಾದರೆ ಆ ವರ್ಷ ಮಣ್ಣಿನ ಒಳಗೆ ಏನಾಯಿತು?

ಕಾಫಿ ತೋಟದವರು ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ; ಒಂದು ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ಬೆಳಿಗ್ಗೆ ಎದ್ದ ಕೂಡಲೇ ಮಳೆಮಾಪಕದ ನೀರು ನೋಡಿ 'ಎರಡು ಇಂಚು ನಲವತ್ತು ಸೆಂಟು' ಅಂತ ಡೈರಿಯಲ್ಲಿ ಬರೆಯುವುದು ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ಬಂದ ರೂಢಿ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು. ತೂಕ ನೂರು ಟನ್ ದಾಟುತ್ತದೆ. ಹತ್ತು ಇಂಚು ಬಿದ್ದರೆ ಸಾವಿರ ಟನ್. ಅದರಲ್ಲಿ ಒಂದಷ್ಟು ಹರಿದು ತೋಡು ಸೇರುತ್ತದೆ, ಉಳಿದದ್ದು ಒಳಗಿಳಿಯುತ್ತದೆ.

ಇಳಿದ ನೀರಿನ ಭಾರಕ್ಕೇ ಗುಡ್ಡ ಕುಸಿಯುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಭಾರ ಒಂದು ಕಾರಣ, ಆದರೆ ಚಿಕ್ಕ ಕಾರಣ. ಇಳಿಜಾರಿನ ಮಣ್ಣು ಜಾರದೆ ನಿಂತಿರುವುದು ಮುಖ್ಯವಾಗಿ ಕಣ ಕಣ ಒಂದಕ್ಕೊಂದು ಒತ್ತಿ ಉಜ್ಜುವುದರಿಂದ. ಮೇಲಿನ ಮಣ್ಣಿನ ತೂಕ ಕೆಳಗಿನ ಕಣಗಳನ್ನು ಒತ್ತಿ ಹಿಡಿದಿರುತ್ತದೆ. ಸಂದುಗಳಲ್ಲಿ ನೀರು ತುಂಬಿ ಅದಕ್ಕೆ ಹೊರಗೆ ಹೋಗಲು ದಾರಿ ಸಿಗದಿದ್ದರೆ, ಆ ನೀರೇ ಮೇಲಿನ ತೂಕದ ಒಂದು ಪಾಲನ್ನು ಹೊರಲು ಶುರು ಮಾಡುತ್ತದೆ. ಕಣಗಳ ನಡುವಿನ ಒತ್ತು ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ. ಘರ್ಷಣೆ ಕಡಿಮೆಯಾಗುತ್ತದೆ. ಇಳಿಜಾರು ಅಷ್ಟೇ, ಮಣ್ಣು ಅದೇ, ಆದರೆ ಹಿಡಿತ ಹೋಗಿರುತ್ತದೆ. 1920ರ ದಶಕದಲ್ಲಿ ಕಾರ್ಲ್ ಟರ್ಜಾಗಿ ಎಂಬ ಎಂಜಿನಿಯರ್ ಇದನ್ನು ಲೆಕ್ಕಕ್ಕೆ ಇಳಿಸಿದ. ಇವತ್ತಿಗೂ ಅಣೆಕಟ್ಟಿನಿಂದ ಹಿಡಿದು ರಸ್ತೆಯ ಬರೆಯವರೆಗೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಎಲ್ಲ ಲೆಕ್ಕದ ಬುಡದಲ್ಲಿ ಇರುವುದು ಅದೇ.

ಇದರ ಇನ್ನೊಂದು ಮುಖ ಜಾಸ್ತಿ ಮೋಸದ್ದು. ಚೂರು ಒದ್ದೆ ಇರುವ ಮಣ್ಣು ಒಣ ಮಣ್ಣಿಗಿಂತ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಮಕ್ಕಳು ಪಾದದ ಮೇಲೆ ಒದ್ದೆ ಮರಳು ಬಡಿದು ಗುಬ್ಬಿಗೂಡು ಕಟ್ಟುತ್ತಾರಲ್ವಾ, ಕಾಲು ಎಳೆದರೂ ಗೂಡು ನಿಂತಿರುತ್ತದೆ. ಕಣಗಳ ನಡುವಿನ ತೆಳುವಾದ ನೀರು ಅವನ್ನು ಒಳಕ್ಕೆ ಎಳೆದು ಹಿಡಿದಿರುವುದೇ ಅದಕ್ಕೆ ಕಾರಣ. ಬಕೆಟ್ ನೀರು ಸುರಿದರೆ ಆ ಎಳೆತ ಪೂರ್ತಿ ಹೋಗುತ್ತದೆ.

ಈಗ ನಮ್ಮಲ್ಲಿ ಮನೆ ಕಟ್ಟುವ ಕಾಲ ಯಾವುದು ನೋಡಿ. ಮಳೆ ನಿಂತು, ಕಾಫಿ ಕೊಯ್ಲು ಶುರುವಾಗಿ, ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡುವ ಡಿಸೆಂಬರ್‌ನಿಂದ ಏಪ್ರಿಲ್. ಜೆಸಿಬಿ ಬಂದು ಗುಡ್ಡದ ಬುಡವನ್ನು ನೇರ ಕತ್ತರಿಸುತ್ತದೆ. ಇಪ್ಪತ್ತು ಅಡಿ ಎತ್ತರದ ಬರೆ ಗೋಡೆಯ ಹಾಗೆ ನಿಲ್ಲುತ್ತದೆ. ಕೆಂಪು ಮಣ್ಣು, ಹದವಾದ ತೇವ, ಒಂದು ಹಿಡಿ ಕೂಡ ಉದುರುವುದಿಲ್ಲ. 'ನಮ್ಮ ಮಣ್ಣು ಕಬ್ಬಿಣ ಇದ್ದ ಹಾಗೆ' ಅಂತ ಮಾಲೀಕರಿಗೂ ಧೈರ್ಯ, ಜೆಸಿಬಿಯವನಿಗೂ ಧೈರ್ಯ. ಫೆಬ್ರವರಿಯ ಮಟ್ಟಿಗೆ ಅದು ನಿಜವೇ. ಆ ಬರೆಯ ಪರೀಕ್ಷೆ ನಡೆಯುವುದು ಆರು ತಿಂಗಳ ನಂತರ. ಅದೂ ಮೊದಲ ವರ್ಷವೇ ನಡೆಯಬೇಕು ಅಂತೇನೂ ಇಲ್ಲ. ನಾಲ್ಕು ಸಾಧಾರಣ ಮಳೆಗಾಲದಲ್ಲಿ ಪಾಸಾಗಿ ಐದನೆಯದರಲ್ಲಿ ಜಾರಿದ ಬರೆಗಳೂ ಇವೆ. ಅಷ್ಟರಲ್ಲಿ ಕತ್ತರಿಸಿದ್ದು ಯಾರಿಗೂ ನೆನಪಿರುವುದಿಲ್ಲ, ಮಳೆಯ ಮೇಲೆ ಹಾಕಿ ಸುಮ್ನಾಗುತ್ತೇವೆ.

ಬುಡ ಕತ್ತರಿಸುವುದು ಯಾಕೆ ಅಷ್ಟು ಅಪಾಯ? ಇಳಿಜಾರಿನ ಕೆಳತುದಿಯ ಮಣ್ಣು ಮೇಲಿನದಕ್ಕೆ ಒದೆಗಾಲು ಕೊಟ್ಟು ನಿಂತಿರುತ್ತದೆ. ಅದನ್ನು ತೆಗೆದರೆ ತಡೆ ಹೋಯಿತು. ಅಲ್ಲಿಂದ ತೆಗೆದ ಮಣ್ಣನ್ನು ಮುಂದಿನ ಇಳಿಜಾರಿಗೇ ಸುರಿದು ಅಂಗಳ ಅಗಲ ಮಾಡುತ್ತಾರೆ. ಅದು ಸಡಿಲ ಮಣ್ಣು, ಕೆಳಗಿನ ಇಳಿಜಾರಿಗೆ ಹೊಸ ಹೊರೆ, ಮೇಲಾಗಿ ಅಲ್ಲೊಂದು ಸಣ್ಣ ತೋಡಿದ್ದರೆ ಅದೂ ಮುಚ್ಚಿಹೋಗಿರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 2018ರ ಕುಸಿತಗಳನ್ನು ನೋಡಿ ಬರೆದ ವರದಿಯಲ್ಲೂ ಮಳೆಯ ಜೊತೆಗೆ ಎತ್ತಿ ಹೇಳಿದ್ದು ಇದನ್ನೇ: ರಸ್ತೆಗೆ, ಕಟ್ಟಡಕ್ಕೆ ಇಳಿಜಾರನ್ನು ಬೇಕಾದ ಹಾಗೆ ಕಡಿದದ್ದು, ನೀರಿನ ಸಹಜ ದಾರಿ ಕೆಡಿಸಿದ್ದು.

ಮಡಿಕೇರಿಯಲ್ಲಿ ಎರಡಂತಸ್ತಿನ ಮನೆಯೊಂದು ಜಾರಿದ ವಿಡಿಯೊ ಆಗ ದೇಶವೆಲ್ಲ ಓಡಾಡಿತು. ನೀವೂ ನೋಡಿರುತ್ತೀರಿ. ಮನೆ ಮೊದಲು ಕುಸಿದು ಬೀಳುವುದಿಲ್ಲ. ನಿಂತ ನಿಲುವಿನಲ್ಲೇ ಕೆಳಕ್ಕೆ ಹೊರಡುತ್ತದೆ. ಅಂದ್ರೆ ಗೋಡೆ, ಪಿಲ್ಲರ್ ಎಲ್ಲ ಸರಿಯಾಗಿಯೇ ಇತ್ತು. ಕಳಚಿಕೊಂಡದ್ದು ಪಾಯದ ಕೆಳಗಿನ ಮಣ್ಣು. ಎಷ್ಟು ಸಿಮೆಂಟ್ ಹಾಕಿದ್ದೀರಿ, ಎಷ್ಟು ಕಬ್ಬಿಣ ಕಟ್ಟಿದ್ದೀರಿ ಅನ್ನುವ ಪ್ರಶ್ನೆಗೆ ಅಲ್ಲಿ ಅರ್ಥವೇ ಇರಲಿಲ್ಲ.

ಆ ಮಣ್ಣಿನ ಕೆಳಗೆ ಏನಿದೆ ಅಂತ ನೋಡಲು ಕುಸಿದ ಜಾಗಕ್ಕಿಂತ ಒಳ್ಳೆ ಜಾಗ ಇಲ್ಲ. ಮೇಲೆ ಒಂದಡಿ ಕಪ್ಪು ಮಣ್ಣು, ಎಲೆ ಕೊಳೆತದ್ದು. ಕೆಳಗೆ ಹತ್ತಾರು ಅಡಿ ಕೆಂಪು. ಅದರಡಿ ಬಿಳಿ, ಹಳದಿ, ಅಲ್ಲಲ್ಲಿ ತಿಳಿ ಗುಲಾಬಿ ಬಣ್ಣದ ನುಣುಪಾದ ಜೇಡಿ. ಘಟ್ಟದ ಕೆಳಗಿನವರು ಇದನ್ನು ಶೇಡಿ ಮಣ್ಣು ಅನ್ನುತ್ತಾರೆ. ಇದು ಬೇರೆ ಕಡೆಯಿಂದ ಬಂದದ್ದಲ್ಲ, ಕೆಳಗಿನ ಬಂಡೆಯೇ ನಿಂತಲ್ಲೇ ಕೊಳೆತು ಆದದ್ದು. ಕೊಡಗಿನ ಬಂಡೆಗಳಿಗೆ ಮುನ್ನೂರು ಕೋಟಿ ವರ್ಷಗಳ ವಯಸ್ಸು. ಇಷ್ಟು ಮಳೆ, ಇಷ್ಟು ಸೆಕೆಗೆ ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಖನಿಜ ನಿಧಾನಕ್ಕೆ ಜೇಡಿಯಾಗುತ್ತದೆ. ಕೆಂಪು ಮಣ್ಣಿನಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಜೇಡಿ ಬಂದ ಕೂಡಲೇ ತಡೆಯುತ್ತದೆ. ಹಾಗಾಗಿ ಎರಡರ ನಡುವೆ ನೀರು ನಿಲ್ಲುತ್ತದೆ, ಪಕ್ಕಕ್ಕೆ ಹರಿಯುತ್ತದೆ. ಕಕ್ಕಡದ ಮಳೆಯಲ್ಲಿ ಬರೆಯಿಂದ, ಒಮ್ಮೊಮ್ಮೆ ಅಡುಗೆಮನೆಯ ನೆಲದಿಂದಲೂ ಜಲ ಏಳುವುದು ಹೀಗೆ. ಜಾರುವುದೂ ಹೆಚ್ಚಾಗಿ ಇದೇ ಗಡಿಯಲ್ಲಿ.

2018ರಲ್ಲಿ ಈ ಗಡಿಯಲ್ಲಿ ನೀರು ಯಾವಾಗಿನಿಂದ ನಿಂತಿತ್ತು? ಆಗಸ್ಟ್ 15ರ ಸುಮಾರಿಗೆ ಒಡಿಶಾ ಕರಾವಳಿಯಲ್ಲಿ ವಾಯುಭಾರ ಕುಸಿತವೊಂದು ದಡ ಹತ್ತಿ, ಅರಬ್ಬಿ ಸಮುದ್ರದ ಗಾಳಿಯನ್ನು ಜೋರಾಗಿ ಘಟ್ಟದ ಮೇಲಕ್ಕೆ ಎಳೆದದ್ದು ನಿಜ. ಕೊನೆಯ ಪೆಟ್ಟು ಅದೇ. ಆದರೆ ಜೂನ್, ಜುಲೈನಲ್ಲೇ ಕೊಡಗಿಗೆ ಬೇಕಾದಷ್ಟು ಮಳೆ ಆಗಿಹೋಗಿತ್ತು. ಅದಕ್ಕೆ ಸಾಕ್ಷಿ ಮಂಡ್ಯದಲ್ಲಿದೆ. ಜುಲೈನಲ್ಲೇ ಕೆಆರ್‌ಎಸ್ ತುಂಬಿ, ಹೊಸ ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ಬರಗಾಲದ ವರ್ಷಗಳ ನಂತರದ ಖುಷಿ, ಎಲ್ಲರೂ ಸಂಭ್ರಮಪಟ್ಟರು. ಫೆಬ್ರವರಿಯಲ್ಲಿ ಟಿಎಂಸಿ ಲೆಕ್ಕ ಹಾಕಿ ಜಗಳವಾಡಿದ್ದ ಎರಡು ರಾಜ್ಯಗಳಿಗೂ ಸದ್ಯಕ್ಕೆ ಉಸಿರಾಡುವಂತಾಯಿತು. ಕೆಳಗೆ ಅಣೆಕಟ್ಟು ತುಂಬಿದೆ ಅಂದ್ರೆ ಮೇಲೆ ಗುಡ್ಡವೂ ತುಂಬಿದೆ ಅಂತಲೇ ಅರ್ಥ. ಅಣೆಕಟ್ಟಿನ ಮಟ್ಟ ದಿನಾ ಪೇಪರ್‌ನಲ್ಲಿ ಬರುತ್ತದೆ. ಗುಡ್ಡದ ಒಳಗಿನ ಮಟ್ಟ ಎಲ್ಲೂ ಬರುವುದಿಲ್ಲ.

ಆ ಜುಲೈನಲ್ಲಿ ಇನ್ನೊಂದೂ ಆಗಿತ್ತು. 9ನೇ ತಾರೀಕು ಮಧ್ಯಾಹ್ನ ಭೂಮಿ ಸಣ್ಣಗೆ ನಡುಗಿತು, ತೀವ್ರತೆ 3.4. ಹಾಗಾಗಿ ಗುಡ್ಡ ಜಾರಿದಾಗ 'ಭೂಕಂಪದಿಂದಲೇ ಬಿರುಕು ಬಿಟ್ಟಿತ್ತು' ಅನ್ನುವ ಮಾತು ಬಲವಾಯಿತು. ಇವತ್ತಿಗೂ ಹೇಳುವವರಿದ್ದಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಜಗತ್ತಿನಲ್ಲಿ ಭೂಕಂಪದಿಂದಾದ ಕುಸಿತಗಳನ್ನು ಒಟ್ಟಿಗೆ ಇಟ್ಟು ನೋಡಿದವರ ಪ್ರಕಾರ, ಸಾಮಾನ್ಯವಾಗಿ ತೀವ್ರತೆ 4ರ ಹತ್ತಿರ ಬರುವವರೆಗೆ ಗುಡ್ಡ ಅಲುಗುವುದಿಲ್ಲ. ಅಲುಗಿದರೂ ಆಗಲೇ ಜಾರಬೇಕಿತ್ತು, ಐದು ವಾರ ಕಾದು ಮಳೆ ಜೋರಾದ ದಿನವೇ ಯಾಕೆ? 'ಜಲಸ್ಫೋಟ' ಅಂದವರ ಮಾತಿನಲ್ಲಿ ಮಾತ್ರ ಹುರುಳಿದೆ. ಗುಡ್ಡದ ಹೊಟ್ಟೆಯಿಂದ ಕೆಸರು ನೀರು ಚಿಮ್ಮಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಒಳಗೆ ಒತ್ತಡದಲ್ಲಿದ್ದ ನೀರು ದಾರಿ ಸಿಕ್ಕಲ್ಲಿ ಹೊರಬಿತ್ತು.

ಒಮ್ಮೆ ಹೊರಬಿದ್ದ ಮೇಲೆ ಅದು ಮಣ್ಣಾಗಿ ಉಳಿಯುವುದಿಲ್ಲ. ನೀರು, ಜೇಡಿ, ಬಂಡೆ, ಬುಡಸಮೇತ ಮರ ಎಲ್ಲ ಸೇರಿ ಹರಿಯುತ್ತದೆ. ಗುಡ್ಡಗಳ ನಡುವಿನ ಕೊಲ್ಲಿ ಹಿಡಿದು ಇಳಿಯುತ್ತಾ ದಾರಿಯ ಎರಡೂ ದಡ ಕೆರೆದುಕೊಂಡು ದೊಡ್ಡದಾಗುತ್ತದೆ. ಮಕ್ಕಂದೂರು, ಮುಕ್ಕೋಡ್ಲು ಕಡೆ ಗದ್ದೆಗಳು ಕೆಸರಿನಡಿ ಹೋದದ್ದು ಹೀಗೆ. ಮೇಲಿನ ತೋಟದ ಸಿಲ್ವರ್ ಓಕ್ ಮರ, ಕಾಫಿ ಗಿಡ ಕೆಳಗಿನ ಗದ್ದೆಯಲ್ಲಿ ಬಂದು ಬಿದ್ದಿದ್ದವು.

ಮರ ಕಡಿದದ್ದೇ ಇಷ್ಟಕ್ಕೆಲ್ಲ ಕಾರಣ ಅನ್ನುವುದು ಅರ್ಧ ಸರಿ. ಬೇರು ಮೇಲಿನ ಕೆಲವು ಅಡಿ ಮಣ್ಣನ್ನು ಚೆನ್ನಾಗಿ ಹೆಣೆದು ಹಿಡಿಯುತ್ತದೆ. ಜಾರುವ ಗಡಿ ಮೂವತ್ತು ಅಡಿ ಕೆಳಗಿದ್ದರೆ ಬೇರು ಅಲ್ಲಿಗೆ ಮುಟ್ಟುವುದಿಲ್ಲ, ಮರವೂ ಮಣ್ಣಿನ ಜೊತೆಗೇ ಪ್ರಯಾಣ ಮಾಡುತ್ತದೆ. ದಟ್ಟ ಮರಗಳಿದ್ದ ಇಳಿಜಾರೂ ಜಾರಿವೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಮಣ್ಣಾಯಿತು, ಅಲ್ಲಿ ಹೋಂಸ್ಟೇಗಳ ಸಾಲೇನೂ ಇರಲಿಲ್ಲ. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಜಾರಿತು, ಭಾಗಮಂಡಲದ ಕೋರಂಗಾಲ ಜಾರಿತು. ಕಾಡು ಉಳಿಸಬೇಕು, ಆ ಮಾತು ಬೇರೆ. ಆದರೆ ಕಾಡು ಇದ್ದರೆ ಸಾಕು, ಎಲ್ಲಿ ಬೇಕಾದರೂ ಮನೆ ಕಟ್ಟಬಹುದು ಅಂದುಕೊಳ್ಳುವ ಹಾಗಿಲ್ಲ.

ತೊಟ್ಟಿಲು ಗುಂಡಿಯ ವಿಷಯವೂ ಹೀಗೆಯೇ. ಕಾಫಿ ಸಾಲುಗಳ ನಡುವೆ ಉದ್ದುದ್ದ ಗುಂಡಿ ತೆಗೆದು ಮಳೆನೀರು, ಕೊಳೆತ ಎಲೆ ಹಿಡಿಯುವುದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಸಾಧಾರಣ ಇಳಿಜಾರಿನಲ್ಲಿ ಬೇಸಿಗೆಗೆ ಅದೇ ಆಸರೆ. ಕಡಿದಾದ ಗುಡ್ಡದಲ್ಲಿ, ಅದೂ ಜೇಡಿಯ ಮೇಲೆ, ಅದೇ ಗುಂಡಿ ನೀರನ್ನು ಹುಡುಕಿ ತಂದು ಒಳಗೆ ಕಳಿಸಿದಂತಾಗುತ್ತದೆ. ಒಂದೇ ತೋಟದಲ್ಲಿ ಕೆಳಗಿನ ಬ್ಲಾಕಿಗೆ ಗುಂಡಿ ಬೇಕು, ಮೇಲಿನ ಬ್ಲಾಕಿಗೆ ಬೇಡ ಅನ್ನುವುದು ಕೆಲಸದವರಿಗೆ ವಿಚಿತ್ರ ಅನ್ನಿಸಬಹುದು. ಲೆಕ್ಕ ಮಾತ್ರ ಅದೇ.

ರಾಜಕೀಯ ತನ್ನ ದಾರಿಯಲ್ಲಿ ನಡೆಯಿತು. ಪಶ್ಚಿಮ ಘಟ್ಟ ಉಳಿಸುವುದು ಹೇಗೆ ಅಂತ ಹೇಳಿದ ಗಾಡ್ಗೀಳ್ ವರದಿ 2011ರದ್ದು, ಅದನ್ನು ಮತ್ತೆ ಪರಿಶೀಲಿಸಿದ ಕಸ್ತೂರಿರಂಗನ್ ವರದಿ 2013ರದ್ದು. ಕುಸಿತವಾಗಿ ಎರಡು ತಿಂಗಳೂ ತುಂಬುವ ಮೊದಲು, 2018ರ ಅಕ್ಟೋಬರ್ 3ಕ್ಕೆ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. ಕರ್ನಾಟಕದಲ್ಲೇ 20,668 ಚದರ ಕಿಲೋಮೀಟರ್. ಕೊಡಗಿನಲ್ಲಿ ಇದಕ್ಕೆ ವಿರೋಧ ಮೊದಲಿಂದಲೂ ಇದೆ, ಅದರಲ್ಲಿ ಸಣ್ಣ ಬೆಳೆಗಾರರ ಹೆದರಿಕೆ ಸುಳ್ಳಲ್ಲ. ಆದರೆ ಕರಡಿನ ಪರ-ವಿರೋಧದ ಜಗಳದಲ್ಲಿ ಊರ ಮಟ್ಟದ ಒಂದು ಸಾದಾ ನಿಯಮಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ: ಬರೆಯನ್ನು ನೇರ ಕಡಿಯಬೇಡಿ, ಮೆಟ್ಟಿಲಾಗಿ ಕಡಿಯಿರಿ, ಮೇಲಿನಿಂದ ಬರುವ ನೀರಿಗೆ ಮೊದಲು ದಾರಿ ಮಾಡಿ. ಇದಕ್ಕೆ ದೆಹಲಿಯ ಅಧಿಸೂಚನೆ ಬೇಕಿಲ್ಲ. ಪಂಚಾಯಿತಿಯ ಒಂದು ಲೈಸೆನ್ಸ್ ಸಾಕು.

ತಡೆಗೋಡೆ ಕಟ್ಟಿಬಿಟ್ಟರೆ ಆಯಿತು ಅನ್ನುವವರು ಮಡಿಕೇರಿಯ ಜಿಲ್ಲಾಡಳಿತ ಭವನದ ಪಕ್ಕದ ಗೋಡೆ ನೆನಪಿಸಿಕೊಳ್ಳಬಹುದು. 2022ರ ಮಳೆಗೆ ಅದು ಉಬ್ಬಿ, ಕೆಳಗಿನ ರಸ್ತೆಯಲ್ಲಿ ಓಡಾಟ ನಿಲ್ಲಿಸಬೇಕಾಯಿತು. ಗೋಡೆ ಎಷ್ಟೇ ದಪ್ಪ ಇರಲಿ, ಹಿಂದೆ ನಿಂತ ನೀರು ಹೊರಗೆ ಬರದಿದ್ದರೆ ಮಣ್ಣಿನ ಜೊತೆ ನೀರಿನ ಒತ್ತಡವೂ ಅದರ ಮೇಲೆಯೇ ಬೀಳುತ್ತದೆ. ಗೋಡೆಯ ಮೈಯಲ್ಲಿ ಬಿಡುವ ಪೈಪುಗಳು ಅದಕ್ಕೇ ಇರುವುದು. ನಿಮ್ಮ ಮನೆಯ ಹಿಂದಿನ ಗೋಡೆಯಲ್ಲಿ ಪೈಪು ಇದ್ದು, ಸುತ್ತೆಲ್ಲ ಜೋರು ಮಳೆಯಿದ್ದಾಗಲೂ ಅದರಿಂದ ಹನಿ ನೀರು ಬರುತ್ತಿಲ್ಲವಾದರೆ ಕಟ್ಟಿಕೊಂಡಿದೆ ಅಂತಲೇ ತಿಳಿಯಿರಿ, ಒಂದು ಸರಳು ಹಾಕಿ ಬಿಡಿಸಿ.

ಇನ್ನು ಗಮನಿಸಬೇಕಾದ್ದು ಬರೆಯ ತಲೆಯ ಮೇಲೆ. ಇಳಿಜಾರಿಗೆ ಅಡ್ಡವಾಗಿ, ಬಿಲ್ಲಿನ ಹಾಗೆ ಬಾಗಿದ ಬಿರುಕು ಕಂಡರೆ ಅದರೊಳಗೆ ಮಳೆನೀರು ಇಳಿಯದಂತೆ ಮಣ್ಣು ತುಂಬಿ ಟಾರ್ಪಾಲ್ ಹೊದಿಸಿ, ಪಂಚಾಯಿತಿಗೆ ತಿಳಿಸಿ, ಆ ಬರೆಯ ಕೆಳಗಿನ ಮನೆಯಲ್ಲಿ ಮಲಗಬೇಡಿ. ವರ್ಷವೂ ತಿಳಿಯಾಗಿ ಬರುವ ಜಲ ಇದ್ದಕ್ಕಿದ್ದಂತೆ ಕೆಸರಾದರೆ, ಅಥವಾ ಮಳೆ ಹೊಡೆಯುತ್ತಿದ್ದರೂ ನಿಂತುಹೋದರೆ, ಕಾಯದೆ ಹೊರಡಿ. ಮತ್ತೆ ಆ ಮಳೆ ಡೈರಿ. ಇವತ್ತು ಎಷ್ಟು ಇಂಚು ಅನ್ನುವುದರ ಪಕ್ಕದಲ್ಲಿ ಹಿಂದಿನ ಮೂರು ದಿನದ ಮೊತ್ತ, ಹದಿನೈದು ದಿನದ ಮೊತ್ತ ಎರಡನ್ನೂ ಬರೆದಿಡುತ್ತಾ ಹೋದರೆ, ನಿಮ್ಮ ಗುಡ್ಡಕ್ಕೆ ಎಷ್ಟಾದಾಗ ಜಲ ಏಳುತ್ತದೆ, ಎಷ್ಟಾದಾಗ ಬರೆಯ ಮಣ್ಣು ಉದುರಲು ಶುರುವಾಗುತ್ತದೆ ಅನ್ನುವುದು ಕೆಲವು ಮಳೆಗಾಲದಲ್ಲೇ ಅಂದಾಜು ಸಿಗುತ್ತದೆ. ಬೆಂಗಳೂರಿನಿಂದ ಬರುವ ರೆಡ್ ಅಲರ್ಟ್ ಇಡೀ ಜಿಲ್ಲೆಗೆ ಒಂದೇ. ಮುಕ್ಕೋಡ್ಲಿನ ಗುಡ್ಡಕ್ಕೂ ಕುಶಾಲನಗರದ ಬಯಲಿಗೂ ಅದರಲ್ಲಿ ವ್ಯತ್ಯಾಸ ಇರುವುದಿಲ್ಲ.