ಲಾಗ್ ಸರ್ವರ್ ನಿಂತಾಗ ಲಾಗ್‌ಗಳು ಎಲ್ಲಿ ಹೋಗುತ್ತವೆ?

ಸರ್ವರ್‌ಗೆ ನುಗ್ಗಿ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆದವನು, ಅಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಲಾಗ್ ಫೈಲುಗಳನ್ನು ಅಳಿಸಬಲ್ಲ. ಅದಕ್ಕೇ ಪ್ರತಿ ಸಾಲಿನ ಒಂದು ಪ್ರತಿ ಕೂಡಲೇ ಬೇರೆ ಯಂತ್ರಕ್ಕೆ, ಅಂದರೆ ಲಾಗ್ ಸರ್ವರ್‌ಗೆ, ಸೇರಬೇಕು. ಲಿನಕ್ಸ್‌ನಲ್ಲಿ ಲಾಗ್ ಸಂಗ್ರಹಿಸಿ ಕಳಿಸುವ ತಂತ್ರಾಂಶವಾದ ಆರ್‌ಸಿಸ್‌ಲಾಗ್‌ನಲ್ಲಿ (rsyslog) ಇದಕ್ಕೆ ಕಾನ್ಫಿಗರೇಶನ್‌ನ ಒಂದೇ ಸಾಲು ಸಾಕು. ವಿಳಾಸದ ಮುಂದೆ ಒಂದು ಅಟ್ ಚಿಹ್ನೆ (@) ಹಾಕಿದರೆ ಯುಡಿಪಿ (ತಲುಪಿತೇ ಎಂದು ನೋಡದೆ ಕಳಿಸುವ ವಿಧಾನ), ಎರಡು ಹಾಕಿದರೆ ಟಿಸಿಪಿ (ಸಂಪರ್ಕ ಕಟ್ಟಿಕೊಂಡು ಕಳಿಸುವ ವಿಧಾನ). ಪೋರ್ಟ್ 514. ಡೆಬಿಯನ್ ಲಿನಕ್ಸ್‌ನ 12ನೇ ಆವೃತ್ತಿಯಿಂದ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ನಾವೇ ಹಾಕಿಕೊಳ್ಳಬೇಕು.

ಬಹಳ ಕಡೆ ಕೆಲಸ ಇಲ್ಲಿಗೇ ನಿಂತಿರುತ್ತದೆ. ಲಾಗ್ ಸರ್ವರ್ ರೀಬೂಟ್ ಆದಾಗ ಏನಾಗುತ್ತದೆ ಅಂತ ಯಾರೂ ನೋಡಿರುವುದಿಲ್ಲ.

ಯುಡಿಪಿಯಲ್ಲಿ ಆ ಹೊತ್ತಿನ ಲಾಗ್ ಸುಮ್ನೆ ಮಾಯ. ಟಿಸಿಪಿಯನ್ನೂ ಪೂರ್ತಿ ನಂಬಬೇಡಿ. ಸಂಪರ್ಕ ಕಡಿದ ಗಳಿಗೆಯಲ್ಲಿ ಕರ್ನಲ್‌ನ ಬಫರ್‌ನಲ್ಲಿ (ಕಳಿಸುವ ಮುನ್ನ ಇಟ್ಟುಕೊಳ್ಳುವ ಜಾಗ) ಇದ್ದ ಸಾಲುಗಳು ಹೋಗಿಬಿಡುತ್ತವೆ, ಆರ್‌ಸಿಸ್‌ಲಾಗ್ ಮಾತ್ರ ಅವು ತಲುಪಿದವು ಅಂದುಕೊಂಡಿರುತ್ತದೆ. ರೆಲ್ಪ್ (RELP) ಪ್ರೋಟೊಕಾಲ್ ಹುಟ್ಟಿದ್ದೇ ಈ ಕಾರಣಕ್ಕೆ. ಸಾಲು ಸಿಕ್ಕಿತು ಎಂದು ಆ ಕಡೆಯಿಂದ ಉತ್ತರ ಬರುವವರೆಗೂ ಅದು ಸಾಲನ್ನು ಬಿಡುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಕ್ಯೂ, ಅಂದರೆ ಕಳಿಸಬೇಕಾದ ಸಾಲುಗಳು ಕಾಯುವ ಸರದಿ. ಕಳಿಸುವ ಕಡೆ ಫಾರ್ವರ್ಡ್ ಆಕ್ಷನ್‌ಗೆ (ಲಾಗ್ ಮುಂದೆ ಕಳಿಸುವ ಸೂಚನೆ) ಅದರದೇ ಕ್ಯೂ ಕೊಡಿ. ವಿಧ ಲಿಂಕ್ಡ್ ಲಿಸ್ಟ್ ಇರಲಿ, ಜೊತೆಗೊಂದು ಫೈಲ್ ಹೆಸರು ಕೊಡಿ. ಹೆಸರು ಕೊಟ್ಟರೆ ಮಾತ್ರ ಮೆಮೊರಿ ತುಂಬಿದಾಗ ಸಾಲುಗಳು ಡಿಸ್ಕ್‌ಗೆ ಇಳಿಯುತ್ತವೆ. ಡಿಸ್ಕ್ ಮಿತಿ ಹಾಕಿ, ಶಟ್‌ಡೌನ್ ಆಗುವಾಗ ಉಳಿಸುವ ಆಯ್ಕೆ ಆನ್ ಮಾಡಿ, ಮರುಪ್ರಯತ್ನದ ಸಂಖ್ಯೆ -1 (ಎಷ್ಟು ಸಲವಾದರೂ ಬಿಡದೆ ಪ್ರಯತ್ನಿಸು ಅಂತ) ಇರಲಿ.

ಪ್ರತ್ಯೇಕ ಕ್ಯೂ ಇಲ್ಲದೆ -1 ಮಾತ್ರ ಹಾಕಬೇಡಿ, ದಯವಿಟ್ಟು. ಲಾಗ್ ಸರ್ವರ್ ನಿಂತರೆ ಮುಖ್ಯ ಕ್ಯೂ ತುಂಬುತ್ತದೆ, ಸ್ಥಳೀಯ ಲಾಗ್ ಬರೆಯುವುದೂ ನಿಲ್ಲುತ್ತದೆ. ಕೆಲವೊಮ್ಮೆ ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಸರ್ವರ್ ಒಳಹೋಗುವುದು) ಕೂಡ ಅರ್ಧಕ್ಕೇ ನಿಂತುಬಿಡುತ್ತದೆ. ಲಾಗ್ ಸರ್ವರ್‌ನ ತೊಂದರೆ ಎಲ್ಲ ಸರ್ವರ್‌ಗಳಿಗೂ ಅಂಟಿದ ಹಾಗಾಯಿತು.

ಸಮಯದ ವಿಷಯವೂ ಇದೆ. ಹಳೆಯ ಸಿಸ್‌ಲಾಗ್ ಶೈಲಿಯಲ್ಲಿ ವರ್ಷವೂ ಇಲ್ಲ, ಟೈಮ್‌ಝೋನೂ ಇಲ್ಲ. 2009ರ ಆರ್‌ಎಫ್‌ಸಿ 5424 ಎಂಬ ಮಾನದಂಡದ ಶೈಲಿ ಬಳಸಿ, ಎಲ್ಲ ಯಂತ್ರಗಳಲ್ಲೂ ಗಡಿಯಾರ ಸರಿಹೊಂದಿಸುವ ಕ್ರೋನಿ ಓಡುತ್ತಿರಲಿ. ನಮ್ಮಲ್ಲಿ ಇದು ಕಾನೂನಿನ ಮಾತೂ ಹೌದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ 180 ದಿನಗಳ ಲಾಗ್ ಇಟ್ಟುಕೊಳ್ಳಲು ಹೇಳುತ್ತದೆ, ಗಡಿಯಾರ ಹೊಂದಿಸಲೂ ಹೇಳುತ್ತದೆ.

ಆಮೇಲೆ ಪರೀಕ್ಷೆ ಮಾಡಿ. ಲಾಗ್ ಸರ್ವರ್‌ನಲ್ಲಿ ಆರ್‌ಸಿಸ್‌ಲಾಗ್ ನಿಲ್ಲಿಸಿ. ಕಳಿಸುವ ಯಂತ್ರದಲ್ಲಿ ಲಾಗರ್ (logger) ಕಮಾಂಡ್‌ನಿಂದ ನಂಬರ್ ಹಾಕಿದ ಐನೂರು ಸಾಲು ಬರೆಯಿರಿ. ತೀರಾ ಜಾಸ್ತಿ ಬೇಡ, ಆ ಯಂತ್ರದಲ್ಲಿ ಲಾಗ್ ಮೊದಲು ಸ್ವೀಕರಿಸುವ ಜರ್ನಲ್‌ಡಿ ತಾನೇ ಮಿತಿ ಹಾಕಿ ಹೆಚ್ಚಿನದನ್ನು ಬಿಸಾಡುತ್ತದೆ. ನಡುವೆ ಆ ಯಂತ್ರದ ಆರ್‌ಸಿಸ್‌ಲಾಗನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿ. ಈಗ ಲಾಗ್ ಸರ್ವರ್ ಎಬ್ಬಿಸಿ, ಬಂದ ಸಾಲು ಎಣಿಸಿ. ಕಡಿಮೆ ಬಂದಿದ್ದರೆ, ಕ್ಯೂ ಇರುವ ಡೈರೆಕ್ಟರಿಗೆ ಬರೆಯುವ ಅನುಮತಿ ಇದೆಯೇ, ಎಸ್‌ಇಲಿನಕ್ಸ್ (ಲಿನಕ್ಸ್‌ನ ಹೆಚ್ಚುವರಿ ಭದ್ರತಾ ಕಾವಲು) ತಡೆಯುತ್ತಿದೆಯೇ ಅಂತ ಮೊದಲು ನೋಡಿ.