ಟಿ ಕೋಶಕ್ಕೆ ಯಾರನ್ನು ತೋರಿಸುವುದು?

ನಮ್ಮ ರಕ್ತದಲ್ಲಿರುವ ರೋಗನಿರೋಧಕ ಕಾವಲುಗಾರ ಟಿ ಕೋಶಕ್ಕೆ ಕೊಲ್ಲುವುದನ್ನು ಯಾರೂ ಕಲಿಸಬೇಕಿಲ್ಲ. ವೈರಸ್ ಹೊಕ್ಕ ಜೀವಕೋಶ ಸಿಕ್ಕರೆ ಅದಕ್ಕೆ ಅಂಟಿಕೊಂಡು, ಪೊರೆಯಲ್ಲಿ ರಂಧ್ರ ಕೊರೆದು, ಸಾಯಿಸಿ ಮುಂದೆ ಹೋಗುತ್ತದೆ. ಆದರೆ ಹಾದಿ ತಪ್ಪಿದ ನಮ್ಮದೇ ಕೋಶವಾದ ಕ್ಯಾನ್ಸರ್ ಎಷ್ಟೋ ಸಲ ಅದರ ಕಣ್ಣು ತಪ್ಪಿಸುತ್ತದೆ. ಕಾರ್-ಟಿ ಚಿಕಿತ್ಸೆ ಈ ಕೊರತೆಯನ್ನು ತುಂಬುತ್ತದೆ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ನಿರುಪದ್ರವಿ ಮಾಡಿದ ವೈರಸ್ಸಿನ ಮೂಲಕ ಹೊಸ ಜೀನ್ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ ಅದೇ ರೋಗಿಗೆ ಡ್ರಿಪ್‌ನಲ್ಲಿ ಮರಳಿಸುತ್ತಾರೆ. ಆ ಜೀನ್‌ನಿಂದ ಟಿ ಕೋಶದ ಮೈಮೇಲೆ ‘ಕಾರ್’ ಎಂಬ ಒಂದು ಗ್ರಾಹಕ (ರಿಸೆಪ್ಟರ್) ಮೂಡುತ್ತದೆ. ಅದರ ಹೊರತುದಿ ಗುರಿಯನ್ನು ಹಿಡಿಯುತ್ತದೆ, ಒಳತುದಿ ದಾಳಿಗೆ ಸಂಕೇತ ಕೊಡುತ್ತದೆ. ಇಂಥದ್ದು ಸಾಧ್ಯವೆಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಷಾರ್ 1989ರಲ್ಲೇ ತೋರಿಸಿದ್ದರು.

ಕಷ್ಟವಿರುವುದು ಗುರಿಯ ಆಯ್ಕೆಯಲ್ಲಿ. ಕ್ಯಾನ್ಸರ್ ಕೋಶದ ಮೇಲೆ ಮಾತ್ರ ಇದ್ದು ಬೇರೆಲ್ಲೂ ಇಲ್ಲದ ಗುರುತು ಸಿಗುವುದು ತೀರ ಅಪರೂಪ. ಮೊದಲು ಗೆದ್ದ ಗುರಿಯಾದ ಸಿಡಿ-19 ಎಂಬ ಪ್ರೋಟೀನೂ ಅಂಥದ್ದಲ್ಲ. ಸೋಂಕನ್ನು ಎದುರಿಸುವ ಪ್ರತಿಕಾಯಗಳ (ಆಂಟಿಬಾಡಿ) ತಯಾರಿಗೆ ಮೂಲವಾದ ಬಿ ಕೋಶದ ಕ್ಯಾನ್ಸರಿನ ಮೇಲೆ ಇರುವಂತೆ ಆರೋಗ್ಯವಂತ ಬಿ ಕೋಶಗಳ ಮೇಲೂ ಅದಿದೆ. ಚಿಕಿತ್ಸೆ ಎರಡನ್ನೂ ಅಳಿಸುತ್ತದೆ. ಆದರೂ ಅದು ಫಲಿಸಿದ್ದೇಕೆಂದರೆ, ಬಿ ಕೋಶಗಳಿಲ್ಲದೆಯೂ ಮನುಷ್ಯ ಬದುಕಬಲ್ಲ. ಪ್ರತಿಕಾಯಗಳ ಕೊರತೆಯಾದರೆ ಅವನ್ನು ಹೊರಗಿನಿಂದ ಕೊಡಬಹುದು.

2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಆರು ವರ್ಷದ ಎಮಿಲಿ ವೈಟ್‌ಹೆಡ್‌ಗೆ ಈ ಕೋಶಗಳನ್ನು ಕೊಟ್ಟಾಗ ಅವಳ ರಕ್ತದ ಕ್ಯಾನ್ಸರ್ ಬೇರೆ ಚಿಕಿತ್ಸೆಗಳಿಗೆ ಬಗ್ಗದೆ ಮರುಕಳಿಸಿತ್ತು. ಕೋಶಗಳು ಕೆಲಸಕ್ಕಿಳಿದ ರಭಸಕ್ಕೆ ವಿಪರೀತ ಜ್ವರ ಏರಿ, ಮಗು ವೆಂಟಿಲೇಟರ್ ಸೇರಿತು. ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಅಣು ಮಿತಿಮೀರಿರುವುದು ಕಂಡಿತು. ಅದನ್ನು ತಡೆಯುವ ಟಾಸಿಲಿಜುಮ್ಯಾಬ್ ಸಂಧಿವಾತದ ಔಷಧ. ಸಂಶೋಧಕ ಕಾರ್ಲ್ ಜೂನ್‌ಗೆ ಅದು ಗೊತ್ತಿದ್ದದ್ದು ತಮ್ಮ ಮಗಳಿಗೆ ಆ ಕಾಯಿಲೆ ಇದ್ದುದರಿಂದ. ಔಷಧ ಕೊಟ್ಟ ಮೇಲೆ ಎಮಿಲಿ ಬೇಗನೆ ಚೇತರಿಸಿಕೊಂಡಳು. ಹತ್ತು ವರ್ಷ ಕಳೆದರೂ ಕ್ಯಾನ್ಸರ್ ಮರಳಲಿಲ್ಲ.

ಇದನ್ನು ಹೇಳುವಾಗ 2010ರಲ್ಲಿ ವರದಿಯಾದ ಇನ್ನೊಬ್ಬ ರೋಗಿಯನ್ನೂ ನೆನೆಯಲೇಬೇಕು. ಕರುಳಿನ ಕ್ಯಾನ್ಸರ್ ಶ್ವಾಸಕೋಶಕ್ಕೂ ಹಬ್ಬಿದ್ದ ಆಕೆಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಹರ್-2 ಪ್ರೋಟೀನನ್ನು ಹುಡುಕುವ ಟಿ ಕೋಶಗಳನ್ನು ಕೊಡಲಾಯಿತು. ಹರ್-2 ಆರೋಗ್ಯವಂತ ಶ್ವಾಸಕೋಶದಲ್ಲೂ ಅಲ್ಪ ಪ್ರಮಾಣದಲ್ಲಿದೆ. ಕೋಶಗಳು ಅದನ್ನೇ ಗುರಿಯೆಂದು ಗುರುತಿಸಿರಬೇಕು ಎಂಬುದು ವೈದ್ಯರ ತೀರ್ಮಾನ. ನಿಮಿಷಗಳಲ್ಲೇ ಉಸಿರಾಟ ಕೆಟ್ಟು, ಐದು ದಿನಗಳಲ್ಲಿ ಆಕೆ ತೀರಿಕೊಂಡರು. ಬಿ ಕೋಶಗಳಂತಲ್ಲ, ಶ್ವಾಸಕೋಶ, ಯಕೃತ್ತು ಇಲ್ಲದೆ ಬದುಕಲಾಗದು. ಸ್ತನ, ಕರುಳು, ಶ್ವಾಸಕೋಶದ ಗಡ್ಡೆಗಳಲ್ಲಿ ಈ ಚಿಕಿತ್ಸೆ ಹಿಂದುಳಿದಿರುವುದಕ್ಕೆ ಒಂದು ದೊಡ್ಡ ಕಾರಣ ಇದು. ಗಟ್ಟಿ ಗಡ್ಡೆಯೊಳಗೆ ನುಗ್ಗಿದ ಟಿ ಕೋಶಗಳು ಅಲ್ಲಿನ ವಾತಾವರಣದಲ್ಲಿ ಬಸವಳಿಯುವುದು ಇನ್ನೊಂದು ಕಾರಣ.

ದುಡ್ಡಿನ ಗೋಡೆಯೂ ಚಿಕ್ಕದಲ್ಲ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಕಾರ್-ಟಿಯ ಬೆಲೆ ಆಗ 4,75,000 ಡಾಲರ್ ಇತ್ತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯು ಬಾರ್ಸಿಲೋನಾದ ಆಸ್ಪತ್ರೆಯೊಂದು ರೂಪಿಸಿದ ಚಿಕಿತ್ಸೆಯನ್ನು ಇಲ್ಲೇ ತಯಾರಿಸಿ, 2025ರ ಜನವರಿಯಲ್ಲಿ ಕಾರ್ಟೆಮಿ ಹೆಸರಿನಲ್ಲಿ ಹೊರತಂದಿತು. ಬೆಲೆ ಎಷ್ಟೋ ಪಾಲು ತಗ್ಗಿತು, ನಿಜ. ಆದರೂ ಅದು ಹತ್ತಾರು ಲಕ್ಷದ ಮಾತು, ಹೊಲ ಮನೆ ಮಾರಿದರೂ ಬಹುತೇಕರಿಗೆ ಎಟುಕದು. ಸರ್ಕಾರದ ಆರೋಗ್ಯ ಯೋಜನೆಗಳು ಇದನ್ನು ಗಂಭೀರವಾಗಿ ಕೈಗೆತ್ತಿಕೊಳ್ಳಬೇಕು.

ಗುರಿಯ ಪ್ರಶ್ನೆ ಈಗ ಅನಿರೀಕ್ಷಿತವಾದ ಕಡೆಗೆ ತಿರುಗಿದೆ. ಲೂಪಸ್ ರೋಗದಲ್ಲಿ ಬಿ ಕೋಶಗಳು ದೇಹದ ವಿರುದ್ಧವೇ ಪ್ರತಿಕಾಯ ತಯಾರಾಗಲು ಕಾರಣವಾಗುತ್ತವೆ. ಕ್ಯಾನ್ಸರಿನಲ್ಲಿ ಅಡ್ಡಪರಿಣಾಮವಾಗಿದ್ದ ಬಿ ಕೋಶಗಳ ನಾಶವೇ ಇಲ್ಲಿ ಚಿಕಿತ್ಸೆಯಾಗಬಲ್ಲದು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗಿಯೋರ್ಗ್ ಷೆಟ್ ಅವರ ತಂಡ ಉಲ್ಬಣಿಸಿದ ಲೂಪಸ್‌ನ ಐವರಿಗೆ ಇದೇ ಸಿಡಿ-19 ಕೋಶಗಳನ್ನು ಕೊಟ್ಟು 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಐವರಲ್ಲೂ ರೋಗ ಹಿಮ್ಮೆಟ್ಟಿತು. ಸರಾಸರಿ ನಾಲ್ಕು ತಿಂಗಳೊಳಗೆ ಹೊಸ ಬಿ ಕೋಶಗಳು ಹುಟ್ಟಿಕೊಂಡವು. ಅವು ಬಂದ ಮೇಲೂ, ಗಮನಿಸಿದ ಅವಧಿಯಲ್ಲಿ, ಯಾವ ಔಷಧವಿಲ್ಲದೆಯೂ ಲೂಪಸ್ ಮರಳಲಿಲ್ಲ.